ಅಮ್ಮನ ಫೋನಿನೊಳಗಿನ ದುಡ್ಡು

ಮಿಡಿಗೇಶಿ,
ಮಾರ್ಚ್ 10, 2026

ತಮ್ಮ ಭೀಮರಾಜುವಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಹೇಗಿದ್ದೀಯ? ಹೈದರಾಬಾದಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುವುದು ನಿಂತಿದೆಯೇ? ಎಷ್ಟೇ ಕೋಪವಿದ್ದರೂ ಇದನ್ನು ಕೇಳದೆ ಮುಂದೆ ಹೋಗಲಾರೆ; ಚಿಕ್ಕವನಿದ್ದಾಗ ನಿನ್ನ ಮೂಗಿಗೆ ಒದ್ದೆ ಬಟ್ಟೆ ಹಿಡಿಯುತ್ತಿದ್ದವಳು ನಾನೇ ತಾನೆ. ತೋವಿನಕೆರೆಯಲ್ಲಿ ನಾನು, ನಿಮ್ಮ ಭಾವ, ಮಕ್ಕಳು ಚೆನ್ನಾಗಿದ್ದೇವೆ. ಅಮ್ಮ ಚೆನ್ನಾಗಿಲ್ಲ. ಅದಕ್ಕೇ ಶಾಲೆಗೆ ರಜೆ ಹಾಕಿ ಇಲ್ಲಿಗೆ ಬಂದಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನೋಡುತ್ತೇನೆ.

ದೀಪಾವಳಿಗೆ ಬಂದವನು ಏನು ಮಾಡಿದೆ ನೆನಪಿದೆಯೇ? ತಿಂಗಳು ತಿಂಗಳು ಅಮ್ಮನ ಬ್ಯಾಂಕಿಗೆ ಹಾಕುತ್ತಿದ್ದ ದುಡ್ಡನ್ನು ನಿಲ್ಲಿಸಿ, ನಿಮ್ಮ ಕಂಪನಿಯ ಕ್ರಿಪ್ಟೊ ಕಾಯಿನ್ನನ್ನು ಅವಳ ಫೋನಿಗೆ ತುಂಬಿಸಿದೆ. ಅಂಗಡಿ ಅಡವಯ್ಯ, ಹಾಲಿನ ಪುಷ್ಪಾವತಿ, ಹಿಟ್ಟಿನ ಗಿರಣಿಯವರು, ಎಲ್ಲರ ಫೋನಿಗೂ ಆ ಆಪ್ ಹಾಕಿಕೊಟ್ಟೆ. ‘ಇನ್ಮೇಲೆ ಇದೇ ದುಡ್ಡು ಕಣಮ್ಮ, ಬ್ಯಾಂಕು ಗೀಂಕು ಎಲ್ಲ ಹಳೇದಾಯ್ತು’ ಅಂದೆ. ಅಮ್ಮ ನಂಬಿದಳು. ನಿನ್ನನ್ನಲ್ಲದೆ ಇನ್ಯಾರನ್ನು ನಂಬುತ್ತಾಳೆ? ಬೆಲ್ಲ, ಬೇಳೆ ಕೊಂಡಾಗಲೆಲ್ಲ ಫೋನು ಎತ್ತಿ ಹಿಡಿದು ‘ನನ್ ಮಗ ಮಾಡಿದ್ ದುಡ್ಡು ಕಣಪ್ಪಾ’ ಎಂದು ಬೀಗುತ್ತಿದ್ದಳಂತೆ.

ಅಮ್ಮನಿಗೆ ದುಡ್ಡೆಂದರೆ ಏನೆಂದು ನಿನಗೆ ಗೊತ್ತಿಲ್ಲವೇ? ಅವಳು ಹುಡುಗಿಯಾಗಿದ್ದಾಗ ಹೋಟೆಲಿನ ಹಿಂದೆ ನಿಲ್ಲಿಸಿ, ಮೇಲಿನಿಂದ ಬೊಗಸೆಗೆ ನೀರು ಸುರಿಯುತ್ತಿದ್ದರು. ಆಮೇಲೆ ರಸ್ತೆಯಲ್ಲಿ ಜಲ್ಲಿ ಹೊತ್ತು ನಮ್ಮನ್ನು ಓದಿಸಿದಳು. ಯಾವ ಅಂಗಡಿಗೆ ಹೋದರೂ ಮೊದಲು ದುಡ್ಡು ಮೇಜಿನ ಮೇಲಿಟ್ಟು ಆಮೇಲೆ ಸಾಮಾನು ಕೇಳುವವಳು. ‘ದುಡ್ ಮಡಗಿ ತಗಂಡ್ರೆ ಯಾರೂ ನಮ್ಮನ್ನ ಹಿಂದುಕ್ ಹೋಗು ಅನ್ನಂಗಿಲ್ಲ’ ಎಂದು ನಮ್ಮಿಬ್ಬರಿಗೂ ಎಷ್ಟು ಸಲ ಹೇಳಿಲ್ಲ!

ಹೋದ ತಿಂಗಳು ಕನ್ನಡಕ ಮಾಡಿಸಲು ಒಬ್ಬಳೇ ಮಧುಗಿರಿಗೆ ಹೋಗಿದ್ದಾಳೆ. ಫ್ರೇಮು ಆರಿಸಿ, ಕಣ್ಣಿಗಿಟ್ಟುಕೊಂಡು, ಕನ್ನಡಿ ನೋಡಿಕೊಂಡು, ಕೊನೆಗೆ ಫೋನು ತೋರಿಸಿದ್ದಾಳೆ. ಅಂಗಡಿಯವರು ‘ಇದು ನಡೆಯಲ್ಲಮ್ಮ, ಯಾರೋ ನಿಮಗೆ ಟೋಪಿ ಹಾಕಿದ್ದಾರೆ’ ಅಂದರಂತೆ. ‘ನಮ್ಮೂರಾಗೆ ಎಲ್ಲಾ ಈಸ್ಕಂತಾರೆ’ ಎಂದು ಇವಳು ವಾದ ಮಾಡಿದ್ದಕ್ಕೆ, ಬೆಂಚಿನ ಮೇಲೆ ಕೂತಿದ್ದವರೆಲ್ಲ ನಕ್ಕಿದ್ದಾರೆ. ಕನ್ನಡಕ ತೆಗೆದಿಟ್ಟು ಬಸ್ ಹತ್ತಿದವಳು ಮನೆಗೆ ಬರದೆ ನೇರ ಅಡವಯ್ಯನ ಅಂಗಡಿಗೆ ಹೋಗಿ ‘ನಿಜ ಹೇಳ್ಲಾ’ ಎಂದು ಕೇಳಿದಳು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: ‘ಬುಡಕ್ಕ, ಸಂಕ್ರಾಂತಿಯಿಂದಲೇ ಅದ್ನ ಯಾರೂ ತಗಳಲ್ಲ. ನಿನ್ ಮಗ ಕಳ್ಸಿದ್ದು ಅಂತ ನೀನು ಖುಷಿಯಾಗಿದ್ದೆ, ಹೆಂಗ್ ಬ್ಯಾಡ ಅನ್ನಾದು?’ ಪುಷ್ಪಾವತಿಯೂ ಹಾಗೆಯೇ ಸುಮ್ಮನೆ ಹಾಲು ಹಾಕುತ್ತಿದ್ದಳಂತೆ. ಒಳ್ಳೆಯ ಜನ. ಆದರೆ ಅಮ್ಮನಿಗೆ ಅವರ ಒಳ್ಳೆಯತನವೇ ಕೆಂಡದಂತೆ ಸುಟ್ಟಿತು. ‘ನನಗೇ ಗೊತ್ತಿಲ್ದಂಗೆ ತಿರ್ಕಂಡ್ ತಿಂದೆನಲ್ಲೇ ವನಜಾಕ್ಷಿ’ ಎಂದಳು. ಅಪ್ಪ ಹೋದ ದಿನವೂ ಆ ದನಿ ನಾನು ಕೇಳಿರಲಿಲ್ಲ.

ಈಗ ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಗೊತ್ತೇ? ಹುಣಸೆಹಣ್ಣು ಕುಟ್ಟುವ ಕೂಲಿಗೆ! ಸರಿಯಾಗಿ ಕಣ್ಣು ಕಾಣದೆ ಮೊನ್ನೆ ಸುತ್ತಿಗೆ ಬೆರಳ ಮೇಲೆ ಬಿದ್ದು ಉಗುರು ಕಪ್ಪಾಗಿದೆ. ನಾನು ದುಡ್ಡು ಕೊಡಲು ಹೋದರೆ ‘ನಿನ್ ಮಕ್ಳಿಗೆ ಇಟ್ಕ’ ಎಂದು ಕೈ ತಳ್ಳಿದಳು. ಕೂಲಿ ಬಂದ ದಿನ ಹಳೆಯ ಬಾಕಿಗೆಂದು ಅಡವಯ್ಯನ ಅಂಗಡಿಯ ಮೇಜಿನ ಮೇಲೆ ನೋಟು ಇಟ್ಟು ತಿರುಗಿ ಬರುತ್ತಾಳೆ. ಅವನು ಬೇಡವೆಂದರೆ ಬೈಯುತ್ತಾಳೆ.

ಅವಳು ಮಧುಗಿರಿಗೆ ಹೋಗಿಬಂದ ವಾರ, ನೀನು ಕೊನೆಯ ಸಲ ಫೋನ್ ಎತ್ತಿದಾಗ, ಕನ್ನಡಕದ ಕಥೆ ಹೇಳಿದರೆ ನೀನು ಅಂದದ್ದು ಒಂದೇ ಮಾತು: ‘ಮಾರ್ಕೆಟ್ ಮೇಲೆ ಬರುತ್ತೆ ಅಕ್ಕ, ಹೋಲ್ಡ್ ಮಾಡಿ.’ ಏನನ್ನು ಹೋಲ್ಡ್ ಮಾಡುವುದು ಕಣೋ? ಹಸಿವನ್ನೋ, ಮಾನವನ್ನೋ? ಸಂಕ್ರಾಂತಿಗೇ ಅದು ಬಿದ್ದುಹೋಯಿತೆಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಫೆಬ್ರವರಿಯಲ್ಲಿ ಮತ್ತೆ ಅದನ್ನೇ ಕಳಿಸಿದೆ. ಮೋಸ ಹೋದವನನ್ನು ಕ್ಷಮಿಸಬಹುದು, ನಾನೂ ಹೋಗುತ್ತಿದ್ದೆನೇನೋ. ಹೆತ್ತವಳ ಕೈಗೆ ತಿಳಿದೂ ತಿಳಿದೂ ಕಸ ಹಾಕಿದವನನ್ನು ಏನೆಂದು ಕರೆಯಲಿ?

ನಿನಗೆ ಆಶೀರ್ವಾದ ಬರೆಯಲೇ ಎಂದು ಅಮ್ಮನನ್ನು ಕೇಳಿದೆ. ‘ಹೊತ್ತಿಗ್ ಸರ್ಯಾಗಿ ಉಣ್ಣು ಅಂತ ಬರಿ’ ಎಂದಳು. ಬರೆದಿದ್ದೇನೆ. ನನ್ನ ಕಡೆಯಿಂದ ಏನೂ ಇಲ್ಲ.

ನಿನ್ನ ಅಕ್ಕ,
ವನಜಾಕ್ಷಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಕೊರಟಗೆರೆಯಲ್ಲಿ ಮಹಿಳಾ ಸಂಘಗಳಿಗೆ ನೀನು ಇದೇ ಕಾಯಿನ್ ಬಗ್ಗೆ ಭಾಷಣ ಮಾಡುತ್ತೀಯಂತೆ. ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಫೋಟೊ ಇರುವ ಬ್ಯಾನರ್ ಕಟ್ಟಿದ್ದಾರೆ. ಅಮ್ಮ ಅದನ್ನು ನನ್ನ ಕೈಯಲ್ಲೇ ಓದಿಸಿಕೊಂಡಳು. ಅವತ್ತು ಅವಳೂ ಬರುತ್ತಾಳೆ, ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ‘ಹೊರಗಿನ ಅಂಗಡೀಲಿ ನಿನ್ ಈ ದುಡ್ಡಾಗೆ ನಂಗೊಂದ್ ಎಳ್ನೀರ್ ಕೊಡ್ಸಪ್ಪ’ ಎಂದು ಅಷ್ಟು ಹೆಂಗಸರ ಮುಂದೆ ನಿನ್ನನ್ನು ಕೇಳುತ್ತಾಳಂತೆ. ನಾನು ತಡೆಯುವುದಿಲ್ಲ. ನೀನು ಬರದೆ ತಪ್ಪಿಸಿಕೊಂಡರೆ ಮೈಕು ಅವಳ ಕೈಗೇ ಸಿಗುತ್ತದೆ, ಯೋಚಿಸು.