ಸಾವಂತ್ರಿಯ ಗಂಟು, ನನ್ನ ಒಲೆ

ಇಸವಿ ೨೨೧೩, ಎರಡನೇ ಶ್ರಾವಣದ ಮೂವತ್ತೆರಡನೇ ದಿನ
ಹೂಳಿನಹಾಳ, ಹಳೇ ಅಣೆಕಟ್ಟಿನ ಹೊಟ್ಟೆಯೊಳಗಿಂದ

ಇಸವಿ ಎರಡು ಸಾವಿರದ ಇಪ್ಪತ್ತರ ಆಸುಪಾಸಿನಲ್ಲಿರುವ ಹಿರಿಯರಿಗೆ, ಅದರಲ್ಲೂ ಮನೆಯಲ್ಲಿ ಹದಿನೇಳರ ಮಕ್ಕಳಿದ್ದವರಿಗೆ, ಬಾಳವ್ವ ಮಾಡುವ ಶರಣು.

ತಿಂಗಳಿಗೆ ಮೂವತ್ತೆರಡು ದಿನವೇ ಎಂದು ನಗಬೇಡಿ. ನಮ್ಮಲ್ಲಿ ಮೊದಲ ಮಳೆ ಬೀಳುವತನಕ ಶ್ರಾವಣ ಮುಗಿಯುವುದಿಲ್ಲ. ಒಂದು ವರ್ಷ ನಲವತ್ತೊಂದು ದಿನ ಎಳೆದದ್ದನ್ನು ನಾನೇ ಕಂಡಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ನನ್ನ ಮಾತು ನಿಮಗೆ ವಿಚಿತ್ರ ಕಂಡರೆ ಕ್ಷಮಿಸಿ. ಕ್ಷಮಿಸದಿದ್ದರೂ ನೀವು ಇಲ್ಲಿಗೆ ಬಂದು ನನ್ನನ್ನು ಏನೂ ಮಾಡಲಾರಿರಿ.

ನಾವಿರುವುದು ನೀವು ನೀರು ನಿಲ್ಲಿಸುತ್ತಿದ್ದ ಜಾಗದಲ್ಲಿ. ಆಗ ಇಲ್ಲಿ ಕಣ್ಣು ಹಾಯುವಷ್ಟು ದೂರ ನೀರೇ ಇತ್ತಂತೆ, ದೋಣಿ ತಿರುಗುತ್ತಿದ್ದವಂತೆ. ಹೊಳೆ ಮಳೆಗಾಲಕ್ಕೆ ಎರಡು ಬೆರಳಿನಂತೆ ಹೂಳು ತಂದು ಸುರಿಯಿತು. ಸುರಿದು ಸುರಿದು ಅಣೆಕಟ್ಟಿನ ಹೊಟ್ಟೆ ತುಂಬಿ ಗಟ್ಟಿ ನೆಲವಾಯಿತು. ಹೊಳೆ ಬೇರೆ ದಾರಿ ಹಿಡಿಯಿತು, ನಮ್ಮ ಹಿರಿಯರು ಬಂದು ಬಿಳಿಜೋಳ ಬಿತ್ತಿದರು. ಮನೆಗಳೆಲ್ಲ ಮರದ ಕಾಲಿನ ಮೇಲೆ ನಿಂತಿವೆ, ಯಾಕೆಂದರೆ ಹಸಿಯಾದಾಗ ಹೂಳು ಜಗ್ಗುತ್ತದೆ. ನೀವು ಕಟ್ಟಿದ ಗೋಡೆಯ ಮೇಲೆ ಈಗ ಆಡು ಮೇಯುತ್ತವೆ. ಕುಡಿಯುವುದು ಬಲೆನೀರು: ಗಾಳಿಗೆ ಬಲೆ ಕಟ್ಟಿ ಮುಂಜಾವಿನ ತೇವ ಹಿಡಿದು ಕೊಡಕ್ಕೆ ಇಳಿಸಿದ ನೀರು. ನನ್ನ ಮಗಳು ಕಮಲವ್ವನಿಗೆ ಆ ಬಲೆ ಕಾಯುವ ಕೆಲಸ. ಎಲ್ಲರ ಮನೆಯಲ್ಲೂ ಅಡಿಗೆ ಬಿಸಿಲುಹಂಚಿನ ಮೇಲೆ. ನನ್ನೊಬ್ಬಳಿಗೆ ಮಾತ್ರ ಮಣ್ಣಿನ ಒಲೆ ಇದೆ. ಬಿಸಿಲಿನಲ್ಲಿ ಬೆಂದ ರೊಟ್ಟಿ ಉಬ್ಬುವುದಿಲ್ಲ, ಯಾರು ಏನೇ ಹೇಳಲಿ.

ಕಮಲವ್ವನ ಮಗಳು ಸಾವಂತ್ರಿ. ಅವಳಿಗಾಗಿಯೇ ಈ ಕಾಗದ. ಈ ವರ್ಷ ಅವಳು ದೊಡ್ಡಸಾಲಿಗೆ ಹೋಗಬೇಕು. ನೀವು ಅದನ್ನು ವಿಶ್ವವಿದ್ಯಾಲಯ ಅನ್ನುತ್ತಿದ್ದಿರಂತೆ, ಅಷ್ಟುದ್ದದ ಹೆಸರು ನಮಗೆ ಬೇಕಾಗಿಲ್ಲ. ಹೋಗುವ ಮುಂಚೆ ಏನು ಕಲಿಯುವುದೆಂದು ಗಂಟು ಕಟ್ಟಬೇಕು. ಊರ ಸಾಲಿಯ ಪಡಸಾಲೆಯಲ್ಲಿ ಸಾಲಾಗಿ ಹಗ್ಗ ಇಳಿಬಿಟ್ಟಿರುತ್ತಾರೆ, ಒಂದು ವಿದ್ಯೆಗೆ ಒಂದು ಹಗ್ಗ. ಯಾವ ಹಗ್ಗಕ್ಕೆ ನಿನ್ನ ದಾರ ಕಟ್ಟುತ್ತೀಯೋ ಏಳು ವರ್ಷ ನೀನು ಅದರದು. ಮೊದಲ ಮಳೆ ಬಿದ್ದ ದಿನ ಹಗ್ಗಗಳನ್ನು ಇಳಿಸಿ ಅರಗು ಒತ್ತುತ್ತಾರೆ. ಅಷ್ಟರೊಳಗೆ ಕಟ್ಟದವರಿಗೆ ಜನ್ಮದಲ್ಲಿ ಮತ್ತೆ ದೊಡ್ಡಸಾಲಿ ಇಲ್ಲ.

ಯಾವುದಕ್ಕೆ ಕಟ್ಟಬೇಕೆಂದು ಹೇಳುವುದು ಕೇಳವ್ವ. ಹೆಂಗಸಲ್ಲ, ದೇವತೆಯೂ ಅಲ್ಲ. ಸಾಲಿಯ ಗೂಡಿನಲ್ಲಿ ಕೂತ, ಮೊರದಗಲದ ಒಂದು ಯಂತ್ರ. ಮಗುವಿಗೆ ಐದು ತುಂಬಿದಂದಿನಿಂದ ವಾರಕ್ಕೊಮ್ಮೆ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತದೆ. ಹನ್ನೆರಡು ವರ್ಷ ಕೇಳಿ, ಮಗುವಿನ ಮನಸ್ಸು ತಾಯಿಗಿಂತ ಚೆನ್ನಾಗಿ ತನಗೆ ಗೊತ್ತು ಎಂಬಂತೆ ಒಂದು ವಿದ್ಯೆಯ ಹೆಸರು ಹೇಳುತ್ತದೆ. ಊರವರು ಕೈ ಮುಗಿದು ಬರುತ್ತಾರೆ. ನಾನು ಮುಗಿದವಳಲ್ಲ. ಬೇರೆಯವರ ಮಕ್ಕಳ ಬಗ್ಗೆ ಇಷ್ಟು ಆಸ್ಥೆ ಇರುವ ಯಾವುದನ್ನೂ ನಾನು ನಂಬುವುದಿಲ್ಲ.

ಸಾವಂತ್ರಿಗೆ ಅದು ಹೇಳಿದ್ದು ಹೂಳುವಿದ್ಯೆ. ಅಂದರೆ ಆಳವಾದ ಕುಣಿ ತೋಡಿ, ಒಳಗಿಳಿದು, ಹೂಳಿನ ಪದರುಗಳನ್ನು ವರ್ಷವಾರು ಓದುವುದು: ಎಲ್ಲಿ ನೆಲ ಜಗ್ಗುತ್ತದೆ, ಯಾವ ಪದರಿನಲ್ಲಿ ನೀವು ಹೊಲಕ್ಕೆ ಹೊಡೆದ ವಿಷ ಇನ್ನೂ ಕೂತಿದೆ, ಎಲ್ಲಿ ಬಾವಿ ತೋಡಬಾರದು. ಬೇಕಾದ ವಿದ್ಯೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಕುಣಿಗಿಳಿದವರ ಮೇಲೆ ಹೂಳು ಕುಸಿಯುತ್ತದೆ. ಹೋದ ವರ್ಷ ಮೇಲ್ದಂಡೆಯ ಊರಿನಲ್ಲಿ ಇಬ್ಬರನ್ನು ತೆಗೆಯಲು ಎರಡು ದಿನ ಹಿಡಿಯಿತು. ಅಂಥದ್ದಕ್ಕೆ ನನ್ನ ಮೊಮ್ಮಗಳೇ ಯಾಕೆ ಎಂದು ತಲೆಗೆ ಒಂದು ಹುಳ ಹೊಕ್ಕಿತು. ಓಣಿ ಓಣಿ ತಿರುಗಿ ಕೇಳಿದೆ. ಈ ಸಲ ಹದಿನೇಳು ತುಂಬಿದ ಮಕ್ಕಳು ಹದಿನಾಲ್ಕು. ಹದಿನಾಲ್ಕು ಮಂದಿಗೂ ಹೂಳುವಿದ್ಯೆ. ಗುಡ್ಡದ ಮೇಲಿನ ಊರಿನಲ್ಲಿ ಕೇಳಿಸಿದೆ. ಅಲ್ಲಿ ಎಲ್ಲರಿಗೂ ಗಾಳಿವಿದ್ಯೆ. ಒಂದೇ ಊರಿನ ಕುರಿಗಳಿಗೂ ಒಂದೇ ಬಣ್ಣ ಇರುವುದಿಲ್ಲ, ಇವರಿಗೆಲ್ಲ ಒಂದೇ ಮನಸ್ಸು ಎಲ್ಲಿಂದ ಬಂತು?

ಮರುದಿನ ಸಾವಂತ್ರಿಯ ಕೊರಳ ಬಿಲ್ಲೆ ನಾನು ಹಾಕಿಕೊಂಡು ಸಾಲಿಗೆ ಹೋದೆ. ಬಿಲ್ಲೆ ನೋಡಿಯೇ ಕೇಳವ್ವ ಮಗುವನ್ನು ಗುರುತಿಸುವುದು. ಎದುರಿಗೆ ಕೂತೆ. ಸಾವಂತ್ರಿ, ಇವತ್ತು ಹೇಗಿದ್ದೀಯ ಎಂದಿತು. ಎಪ್ಪತ್ತಾರು ವರ್ಷದ ಒಡಕು ದನಿಯಲ್ಲಿ ಚೆನ್ನಾಗಿದ್ದೇನೆ ಎಂದೆ. ಮಣ್ಣು ಮುಟ್ಟಿದರೆ ಏನನ್ನಿಸುತ್ತದೆ? ವಾಂತಿ ಬರುತ್ತದೆ. ಕುಣಿಯೊಳಗೆ ಇಳಿಯಲು ಇಷ್ಟವೇ? ಕಾಲುಮಣೆ ಇಳಿಯಲೂ ಆಗದು, ಮಂಡಿ ನೋವು. ಏನು ಮಾಡಿದರೆ ಸಂತೋಷ? ಮಲಗಿದರೆ. ಎಲ್ಲ ಕೇಳಿ ಎಷ್ಟು ಅಕ್ಕರೆಯಿಂದ ಹೇಳಿತೆಂದರೆ ನನಗೇ ಕಣ್ಣು ತುಂಬಿತು: ಸಾವಂತ್ರಿ, ನಿನಗೆ ಹೂಳುವಿದ್ಯೆಯೇ ತಕ್ಕದ್ದು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಡಿವಾಳಪ್ಪ ಮಾಸ್ತರ ನಕ್ಕುಬಿಟ್ಟ. "ಆಯಿ, ಅದರ ಮುಂದ ನಿಮ್ಮ ಆಡು ತಂದು ಕುಂದ್ರಿಸಿದ್ರೂ ಅದನ್ನ ಹೇಳತೈತ್ರಿ." ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಅವನ ತೋಳು ಹಿಡಿದು ಕೂರಿಸಿ ಬಾಯಿ ಬಿಡಿಸಿದೆ. "ನನ್ನ ಕೈಯಾಗ ಏನೈತ್ರಿ? ಯಾವ ವಿದ್ಯಾಕ್ಕ ಮಂದಿ ಸಿಗವಲ್ಲರು ಅಂತ ಮ್ಯಾಲಿಂದ ಬರತೈತಿ. ಊರಿಗೊಂದು ಹಂಚ್ಯಾರ. ಉಳದದ್ದೆಲ್ಲಾ ಸುಮ್ನ ಪ್ರಶ್ನಿ." ಸುಮ್ಮನೆ ಪ್ರಶ್ನೆ! ಐದು ವರ್ಷದ ಕೂಸಿಗೆ ವಾರ ವಾರವೂ ಮಣ್ಣಿನ ಮಾತು ಬಿಟ್ಟು ಬೇರೆ ಕೇಳದಿದ್ದರೆ ಆ ಕೂಸು ಇನ್ನೇನು ನೆನೆಸೀತು?

ಊರ ಕಟ್ಟೆಯ ಮೇಲೆ ನಾನು ಅಂದು ಆಡಿದ್ದನ್ನೆಲ್ಲ ಇಲ್ಲಿ ಬರೆದರೆ ಕಾಗದ ಸುಟ್ಟುಹೋದೀತು. ಹಿರಿಯರು ತಲೆ ತಗ್ಗಿಸಿದರು. ಈ ವರ್ಷ ಕೇಳವ್ವನ ಮಾತು ಲೆಕ್ಕಕ್ಕಿಲ್ಲ, ಮಕ್ಕಳು ತಮಗೆ ಬೇಕಾದ ಹಗ್ಗಕ್ಕೆ ಕಟ್ಟಲಿ ಎಂದು ತೀರ್ಮಾನವಾಯಿತು. ಸೆರಗು ಕೊಡವಿಕೊಂಡು ಮನೆಗೆ ಬಂದು ಸಾವಂತ್ರಿಗೆ, ಹೋಗವ್ವಾ, ಬೇಕಾದ್ದು ಕಟ್ಟು ಎಂದೆ.

"ನನಗ ಹೂಳುವಿದ್ಯಾನ ಬೇಕ, ಆಯಿ."

ನನ್ನ ಮೈ ಉರಿಯಿತು. "ಹನ್ನೆರಡು ವರ್ಷ ಅದು ನಿನ್ನ ಕಿವ್ಯಾಗ ಊದೇತಿ. ಈಗ ಅದನ್ನ ನೀ ನನ್ನ ಮುಂದ ಊದಾಕತ್ತಿ!"

"ಹಂಗಾದ್ರ ನಾ ಬ್ಯಾಡ ಅಂದ್ರ? ಆವಾಗ ನನ್ನ ಬಾಯಾಗ ಮಾತಾಡಾಕಿ ನೀನ ಅಲ್ಲೇನ?"

ಈ ನಾಲಿಗೆ ಅವಳಿಗೆ ಎಲ್ಲಿಂದ ಬಂತು ಎಂದು ಕಮಲವ್ವ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಆದರೆ ನನ್ನ ಮಾತು ನಾಟಿತ್ತು. ಉಳಿದ ಹದಿಮೂರು ಮಕ್ಕಳು ಬಲೆವಿದ್ಯೆಗೋ ಬೀಜವಿದ್ಯೆಗೋ ಓಡಿ ಹೋಗಿ ಕಟ್ಟಿದರು. ಸಾವಂತ್ರಿ ದಾರ ಕೈಗೆ ಸುತ್ತಿಕೊಂಡು ಪಡಸಾಲೆಯತನಕ ಹೋಗುವಳು, ಹೂಳುವಿದ್ಯೆಯ ಹಗ್ಗ ಹಿಡಿಯುವಳು, ಬಿಟ್ಟು ವಾಪಸು ಬರುವಳು. ಇಷ್ಟ ಅನ್ನಿಸಿದ್ದೆಲ್ಲ ಕೇಳವ್ವನದೇ ಇರಬಹುದು ಎಂದು ಊಟ ಬಿಟ್ಟಳು. "ನನಗ ಏನ ಬೇಕ ಅನ್ನೂದನ್ನ ನಾ ಯಾರಿಗೆ ಕೇಳ್ಲಿ ಆಯಿ?" ಎಂದಳು. ಪಡುವಲಲ್ಲಿ ಮೋಡ ಕಪ್ಪಾಗುತ್ತ ಬಂತು. ಇಪ್ಪತ್ತೆಂಟನೇ ದಿನ, ಇಪ್ಪತ್ತೊಂಬತ್ತು, ಮೂವತ್ತು. ಊರೆಲ್ಲ ಮಳೆ ಬರಲಿ ಎಂದು ಕಾಯುತ್ತಿದ್ದರೆ ನಾನೊಬ್ಬಳು ಬಾರದಿರಲಿ ಎಂದು ಆಕಾಶ ನೋಡುತ್ತಿದ್ದೆ. ಹುಡುಗಿಗೆ ದೊಡ್ಡಸಾಲಿ ತಪ್ಪಿದರೆ ತಪ್ಪಿಸಿದ್ದು ಕೇಳವ್ವ ಅಲ್ಲ, ಬಾಳವ್ವ.

ಮೂವತ್ತೊಂದನೇ ದಿನ ಬೆಳಿಗ್ಗೆ ಒಲೆ ಸಾರಿಸಲು ಕೂತಾಗ ನೆನಪಾಯಿತು. ಈ ಒಲೆ ಹಾಕಿದ್ದು ನನ್ನ ಗಂಡ ತೀರಿದ ವರ್ಷ, ಹದಿಮೂರು ವರ್ಷದ ಹಿಂದೆ. ಸಾವಂತ್ರಿಗೆ ಆಗ ನಾಲ್ಕು, ಇನ್ನೂ ಕೇಳವ್ವನ ಮುಂದೆ ಕೂತವಳಲ್ಲ. ಎಲ್ಲೆಲ್ಲಿಂದಲೋ ಮಣ್ಣು ತಂದು ಉಂಡೆ ಮಾಡಿ ಕಿಟಕಿಯ ಮೇಲೆ ಸಾಲಾಗಿ ಇಡುತ್ತಿದ್ದಳು: ಕರಿಯದು, ಅದರ ಪಕ್ಕ ಬೂದಿ ಬಣ್ಣದ್ದು, ಅದರ ಪಕ್ಕ ಕೆಂಪಗಿನದು. ಒಂದನ್ನು ಅತ್ತಿತ್ತ ಸರಿಸಿದರೆ ರಂಪ. ಕಿಟಕಿ ಹೊಲಸು ಮಾಡುತ್ತಾಳೆ ಎಂದು ನಾನೇ ಬೆನ್ನಿಗೆರಡು ಕೊಟ್ಟು, ಅಷ್ಟೂ ಉಂಡೆಗಳನ್ನು ಬಾಚಿ ಒಲೆಯ ಮಣ್ಣಿಗೆ ಸೇರಿಸಿ ತುಳಿದಿದ್ದೆ.

ಹೇಳಿದೆ. ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. "ನಾ ಅಳೂದು ನೋಡಲಾರದ ಇದನ್ನ ಈಗ ಕಟ್ಟಿ ಹೇಳಾಕತ್ತಿ ಹೌದಿಲ್ಲೋ?" ನಾನು ಹಂಚಿ ಬೆಳೆಸಿದ ಅನುಮಾನ ನನ್ನ ಅಂಗಳಕ್ಕೇ ಬಂದು ನಿಂತಿತ್ತು. ಬಾಯಲ್ಲಿ ಏನು ಹೇಳಿದರೂ ಅವಳು ನಂಬುವಂತಿರಲಿಲ್ಲ. ಮೂಲೆಯ ಹಾರೆ ತೆಗೆದುಕೊಂಡು ಒಲೆಗೆ ಹೊಡೆದೆ. ಕಮಲವ್ವ ಕಿರುಚಿದಳು, ನಾನು ಬಿಡಲಿಲ್ಲ. ಎಡಗಡೆಯ ಗೋಡೆ ಒಡೆದಾಗ ಸರಿಯಾಗಿ ಬೆರೆಯದ ನಾಲ್ಕು ಉಂಡೆ ಸುಟ್ಟ ಇಟ್ಟಿಗೆಯ ಹಾಗೆ ಉರುಳಿ ಬಿದ್ದವು. ಒಂದರ ಮೇಲೆ ಬೆರಳೊತ್ತಿದ ಗುಣಿ ಇತ್ತು. ಸಾವಂತ್ರಿ ಅವನ್ನು ಉಡಿಯಲ್ಲಿ ಹಾಕಿಕೊಂಡು ಬೆಳಕಿಗೆ ಹೋಗಿ ಕೂತಳು. ತಿರುಗಿಸಿ ತಿರುಗಿಸಿ ನೋಡಿದಳು, ಒಂದನ್ನು ಮುರಿದು ಮೂಸಿದಳು. ಆಮೇಲೆ ಎದ್ದು ಸಾಲಿಯ ಕಡೆ ನಡೆದಳು. ಬರುವಾಗ ಕೈಯಲ್ಲಿ ದಾರ ಇರಲಿಲ್ಲ.

ಇವತ್ತು ಈ ಕಾಗದಕ್ಕೆ ಕುಣಿ ತೋಡಿಕೊಟ್ಟವಳು ಅವಳೇ. ನಿಮ್ಮ ವರ್ಷಗಳ ಹೂಳು ಎರಡಾಳು ಕೆಳಗಿದೆಯಂತೆ. ಬೆರಳಿನಿಂದ ಎಣಿಸುತ್ತ ಇಳಿದು, ಆಯಿ, ಇದ ನೋಡು ಎಂದು ಒಂದು ತೆಳ್ಳಗಿನ ಬೂದು ಗೆರೆ ತೋರಿಸಿದಳು. ಅವಳು ಮೇಲೆ ಬರುವತನಕ ಕುಣಿಯ ಅಂಚು ಬಿಟ್ಟು ನಾನು ಕದಲಲಿಲ್ಲ. ನಿಮ್ಮ ಪದರಿನಲ್ಲಿ ಇಟ್ಟದ್ದು ನಿಮಗೆ ತಲುಪಲೇಬೇಕು ಎಂಬುದು ನನ್ನ ಲೆಕ್ಕ. ಅವಳು ನಗುತ್ತಾಳೆ, ನಗಲಿ.

ನಿಮ್ಮಲ್ಲಿ ಕೇಳವ್ವ ಇನ್ನೂ ಹುಟ್ಟಿರಲಿಕ್ಕಿಲ್ಲ. ಆದರೆ ಮಗುವಿಗೆ ಇಂಥದ್ದೇ ತಕ್ಕದ್ದು ಎನ್ನುವವರು ನಿಮ್ಮಲ್ಲೂ ಇದ್ದಾರು, ಮಾವ, ಮಾಸ್ತರ, ಪಕ್ಕದ ಮನೆಯವರು. ಅವರ ಹತ್ತಿರ ಯಾವ ಜಾಗ ಖಾಲಿ ಇದೆ ಎಂದು ಮೊದಲು ಕೇಳಿ. ಕೇಳಿದ ಮೇಲೆ ನಿಮ್ಮ ಬಾಯನ್ನೂ ಮುಚ್ಚಿಕೊಳ್ಳಿ, ಅದು ನನಗೆ ಆಗಲಿಲ್ಲ. ಒಂದೇ ಬೇಡಿಕೆ: ಯಾರೂ ಏನೂ ಕೇಳುವ ಮೊದಲು ನಿಮ್ಮ ಕೂಸು ಕಿಟಕಿಯ ಮೇಲೆ ಏನಿಟ್ಟಿತ್ತೋ ಅದನ್ನು ಬಾಚಿ ಒಲೆಗೆ ಹಾಕಬೇಡಿ. ಒಂದು ಡಬ್ಬಿಯಲ್ಲಿ ಎತ್ತಿಡಿ. ಮುಂದೆ ಕೂಸು ತನ್ನನ್ನೇ ನಂಬದ ದಿನ ಬಂದರೆ ತೆಗೆದು ಕೊಡಬಹುದು.

ಮೊದಲ ಹನಿ ಈಗ ಬಿತ್ತು. ಸಾಲಿಯಲ್ಲಿ ಹಗ್ಗ ಇಳಿಸುತ್ತಿರಬಹುದು. ನನ್ನ ಒಲೆ ಎರಡು ಹೋಳಾಗಿ ಬಿದ್ದಿದೆ, ಬೆಳಿಗ್ಗೆ ಬಿಸಿಲಿದ್ದಾಗ ಬಿಸಿಲುಹಂಚಿನ ಮೇಲೆ ಬೆಂದ ಚಪ್ಪಟೆ ರೊಟ್ಟಿಯೇ ಇವತ್ತು ಗತಿ. ಸಾವಂತ್ರಿ ಬೆರಳಿನ ಗುಣಿ ಇರುವ ಆ ಉಂಡೆಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ. ಜನ್ಮವಿಡೀ ಎಲ್ಲವನ್ನೂ ಮುಟ್ಟಿ ಹಿಚುಕಿ ಅನುಮಾನಿಸಿದವಳು ನಾನು. ಅದರ ಮೇಲಿನ ಗುಣಿ ಕೂಸಿನ ಬೆರಳಿನದೋ ಒಲೆ ಮೆತ್ತಿದ ನನ್ನದೋ ಎಂದು ಹೆಬ್ಬೆರಳು ಇಟ್ಟು ನೋಡಿಲ್ಲ. ನೋಡುವುದೂ ಇಲ್ಲ.

ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಓಣಿಯವಳು,
ಬಾಳವ್ವ