ಅವ್ವನ ಕೊರಳಿನ ಬಣ್ಣ

ಕೂಡ್ಲಿಗಿ
೧೧ ಮಾರ್ಚ್ ೨೦೨೫, ಮಂಗಳವಾರ

ಪ್ರೀತಿಯ ಮಗಳು ಪ್ರಿಯಾಳಿಗೆ,

ಹೇಗಿದ್ದೀಯಾ ತಾಯಿ? ಹೋಟೆಲಿನ ಪಾತ್ರೆ ತೊಳೆದು ತೊಳೆದು ಬೆರಳ ಸಂದಿಯೆಲ್ಲ ಒಡೆದಿದೆ ಎಂದಿದ್ದೆಯಲ್ಲ, ಮಾಯಿತೋ ಇಲ್ಲವೋ? ಕೊಬ್ಬರಿ ಎಣ್ಣೆ ಹಚ್ಚು ಎಂದರೆ ನಗುತ್ತೀ. ಕುಂಚ ಹಿಡಿಯುವ ಕೈ ಅದು, ನೆನಪಿರಲಿ. ಇಲ್ಲಿ ಎಲ್ಲರೂ ಆರಾಮ. ನಿಮ್ಮವ್ವನ ಮೊಣಕಾಲು ನೋವು ಮೊದಲಿನಂತೆಯೇ ಇದೆ, ಡಾಕ್ಟರು ಕೂತಿರು ಎಂದರೆ ಇವಳು ಕೂರುವ ಪೈಕಿ ಅಲ್ಲ. ಅಜ್ಜಿ ಗಟ್ಟಿಯಾಗಿದ್ದಾಳೆ. ಎರಡು ಹೊತ್ತೂ ಬಿಸಿ ರೊಟ್ಟಿಯೇ ಆಗಬೇಕು, ತಂಗಳು ಕೊಟ್ಟರೆ ಬೀದಿಗೆಲ್ಲ ಕೇಳುವಂತೆ ಬಯ್ಯುತ್ತಾಳೆ.

ಈ ಪತ್ರವನ್ನು ಪೆಟ್ಟಿಗೆಯಲ್ಲಿ ಚಿತ್ರದ ಮೇಲೆಯೇ ಇಟ್ಟಿದ್ದೇನೆ. ಮೊದಲು ಇದನ್ನು ಓದು, ಆಮೇಲೆ ಚಿತ್ರಕ್ಕೆ ಸುತ್ತಿದ ಬಟ್ಟೆ ಬಿಚ್ಚು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅದರಲ್ಲಿ ನಿನ್ನ ಮುಖ ಕಾಣುತ್ತದೆ, ಕಂಡ ಕೂಡಲೇ ನನ್ನ ಬಾಯಿಂದ ಸುಳ್ಳು ಹೊರಡುತ್ತದೆ. ಕೊರಿಯರಿನವನು ಬರಲಿಲ್ಲ ಎಂದದ್ದು ಸುಳ್ಳು. ಹೊಸಪೇಟೆಯಲ್ಲಿ ಇಷ್ಟು ದೊಡ್ಡದನ್ನು ತೆಗೆದುಕೊಳ್ಳುವುದಿಲ್ಲ ಎಂದದ್ದೂ ಸುಳ್ಳು. ಹೋದ ಬೇಸಿಗೆಯಲ್ಲಿ ಊರಿಗೆ ಬಂದಾಗ ನೀನು ಬರೆದ ಅಜ್ಜಿಯ ಚಿತ್ರವನ್ನು ನಾನು ಕೆಡಿಸಿದ್ದೇನೆ ಮಗಳೇ. ಎರಡು ತಿಂಗಳಿಂದ ಅದನ್ನೇ ಮುಚ್ಚಿಡುತ್ತಿದ್ದೇನೆ.

ಅದು ನಿನಗೆ ಎಂಥ ಚಿತ್ರ ಎಂಬುದು ಗೊತ್ತಿಲ್ಲದೆ ಮಾಡಿದೆ ಎನ್ನಲಾರೆ. ಪೋಲೆಂಡಿಗೆ ಹೋದ ಮೊದಲ ವರ್ಷ ನಿನ್ನ ಕೆಲಸವನ್ನು ಯಾರೂ ಗೋಡೆಗೆ ಹಾಕಲಿಲ್ಲ. ನಿಮ್ಮ ದೇಶದ ಆನೆ, ನವಿಲು ಬರೆದುಕೊಂಡು ಬಾ ಎಂದರಂತೆ. ಸೈಕಲ್ ನಿಲ್ಲಿಸುವ ಶೆಡ್ಡಿನ ಮೂಲೆಯಲ್ಲಿ, ಎರಡೆರಡು ಸ್ವೆಟರ್ ಹಾಕಿಕೊಂಡು ಎಣ್ಣೆ ಬಣ್ಣ ಕಲಸಿದೆ. ಈರುಳ್ಳಿ ರಾಶಿಯ ಸಣ್ಣ ಚಿತ್ರ ಮಾರಾಟವಾದ ದಿನ ನೀನು ಅತ್ತದ್ದು, ನಾನು ಇಲ್ಲಿ ಇಡೀ ಓಣಿಗೆ ಖಾರ ಮಂಡಕ್ಕಿ ಹಂಚಿದ್ದು ಎರಡೂ ನೆನಪಿವೆ. ಈಗ ಏಪ್ರಿಲ್ಲಿನಲ್ಲಿ ನಿನ್ನೊಬ್ಬಳದೇ ಪ್ರದರ್ಶನ, ಹನ್ನೆರಡು ಚಿತ್ರ, ನಡುಗೋಡೆಗೆ ಅಜ್ಜಿ. ಆಮಂತ್ರಣದ ಮೇಲೂ ಅಜ್ಜಿಯ ಮುಖ ಅಚ್ಚಾಗಿದೆ. ಅದು ಹೋಗದಿದ್ದರೆ ನಿನ್ನ ಮಾತು ಹೋಗುತ್ತದೆ, ಅಲ್ಲಿ ಎರಡನೆಯ ಸಲ ಯಾರೂ ಕರೆಯುವುದಿಲ್ಲ ಎಂದು ನೀನೇ ಹೇಳಿದ್ದೆ.

ನಡೆದದ್ದು ಇಷ್ಟು. ನವೆಂಬರಿನಲ್ಲಿ ನಿನ್ನ ತಮ್ಮ ಅರುಣನಿಗೆ ಹೆಣ್ಣು ಕೊಡುವವರು ಹರಪನಹಳ್ಳಿಯಿಂದ ಮನೆ ನೋಡಲು ಬರುವವರಿದ್ದರು. ನಮ್ಮವರೇ, ಆದರೆ ಹೆಣ್ಣಿನ ತಂದೆ ಚೌಡಣ್ಣನವರು ಹೈಸ್ಕೂಲ್ ಮೇಷ್ಟ್ರು, ಓದಿಕೊಂಡ ಜನ. ಪಡಸಾಲೆಯಲ್ಲಿ ಚಿತ್ರ. ಚಿತ್ರದಲ್ಲಿ ಅಜ್ಜಿಯ ಕೊರಳಲ್ಲಿ ಕೆಂಪು ಬಿಳಿ ಮುತ್ತು, ದೇವರ ಹೆಸರಲ್ಲಿ ಬಿಟ್ಟ ಹೆಣ್ಣುಮಕ್ಕಳಿಗೆ ಕಟ್ಟುವ ಮುತ್ತು. ಒಂಬತ್ತನೇ ವಯಸ್ಸಿಗೆ ಕಟ್ಟಿಸಿಕೊಂಡಿದ್ದನ್ನು ನನಗೆ ನೌಕರಿ ಸಿಕ್ಕ ದಿನ ನಾನೇ ಹೇಳಿ ತೆಗೆಸಿ, ಅವಳ ಬಟ್ಟೆಯ ಪೆಟ್ಟಿಗೆಗೆ ಹಾಕಿಸಿದ್ದೆ. ಚಿತ್ರಕ್ಕೆಂದು ನಿನ್ನೆದುರು ಕೂತಾಗ ಅಜ್ಜಿ ಯಾರ ಮಾತೂ ಕೇಳದೆ ತಾನೇ ತೆಗೆದು ಹಾಕಿಕೊಂಡಳು.

ಚಿತ್ರ ಇಳಿಸೋಣವೆಂದರೆ ಅಜ್ಜಿ ಬಿಡುವವಳಲ್ಲ. ಅಟ್ಟದ ಮೇಲೆ ಬೋರ್ಡು ಬರೆಯುವ ಕಾಲದ ಅರ್ಧ ಡಬ್ಬಿ ಎನಾಮಲ್ ಇತ್ತು, ಬಂಗಾರದ ಬಣ್ಣದ್ದು. ಫ್ಲೆಕ್ಸ್ ಬರುವ ತನಕ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಅಂಗಡಿಗಳಿಗೆ ಹೆಸರು ಬರೆದವನು ನಾನು. ನೀರು ಬಿಡುವ ನೌಕರಿಗೆ ಸೇರಿದರೂ ಕೈ ಮರೆತಿರಲಿಲ್ಲ. ಅಜ್ಜಿ ಸ್ನಾನಕ್ಕೆ ಹೋದಾಗ ಒಂದೊಂದು ಮುತ್ತಿನ ಮೇಲೂ ಒಂದೊಂದು ಗುಂಡು ಇಟ್ಟೆ. ಬಂಗಾರದ ಗುಂಡಿನ ಬೋರಮಾಳ ಸರ ಆಯಿತು. ಹೇಳಲು ನಾಚಿಕೆ, ಹಿಂದೆ ಸರಿದು ನೋಡಿ ಚೆನ್ನಾಗಿ ಬಂತೆಂದು ಹಿಗ್ಗಿದೆ. ಏಪ್ರಿಲ್ ಹದಿನಾಲ್ಕರ ಜಯಂತಿಗೆ ವರ್ಷವರ್ಷವೂ ಊರ ಗೋಡೆಗಳ ಮೇಲೆ ಸ್ವಾಭಿಮಾನ ಎಂದು ಆಳೆತ್ತರದ ಅಕ್ಷರ ಬರೆದದ್ದೂ ಇದೇ ಕೈ.

ಚೌಡಣ್ಣನವರು ಬಂದು, “ನಿಮ್ಮವ್ವಾರು ಭಾಳ ಚಂದ ಅದಾರ ಬಿಡ್ರಿ. ಇಂಥಾ ಬೋರಮಾಳ ಸರ ಈಗ ಯಾರ ಹತ್ರ ಐತಿ?” ಎಂದರು. ನಾನು ಹಲ್ಲು ಬಿಟ್ಟೆ. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಆಪರೇಷನ್ ಆದ ಕಣ್ಣು, ಎಲ್ಲ ಕಾಣುತ್ತದೆ. ಅವರು ಹೋದ ಮೇಲೆ, “ತಿಪ್ಯಾ, ಅದನ್ನ ನಂಗ ಕಟ್ಟಿದವ್ರು ಸತ್ತು ಮಣ್ಣಾಗ್ಯಾರ. ನಾ ಬೈಯಾಕೂ ಇಲ್ಲ ಅವ್ರು. ಮುಚ್ಚಿದವ ನೀನು ಕಣ್ಣ ಮುಂದ ಅದೀಯಲ್ಲೋ” ಎಂದಳು. ಎಂಟು ದಿನ ನನ್ನ ಕೈಯಿಂದ ನೀರೂ ಮುಟ್ಟಲಿಲ್ಲ.

ಜನವರಿಯಲ್ಲಿ ನೀನು ಚಿತ್ರ ಕಳಿಸು ಎಂದಾಗ ಆ ಬಂಗಾರದ ಬಣ್ಣ ತೆಗೆಯಲು ಕೂತೆ. ತಗಡಿನ ಮೇಲಿನ ಬಣ್ಣ ತೆಗೆಯಲು ನಾವು ಥಿನ್ನರ್ ಹಾಕಿ ಒರೆಸುತ್ತೇವೆ. ಹಾಗೇ ಒರೆಸಿದೆ. ಬಂಗಾರದ ಬಣ್ಣ ಹೋಯಿತು. ಅದರ ಜೊತೆಗೆ ಮುತ್ತೂ ಹೋದವು, ಕೊರಳ ಚರ್ಮವೂ ಹೋಯಿತು, ಅಂಗೈ ಅಗಲ ಬರೀ ಬಟ್ಟೆ ಉಳಿಯಿತು. ಎಣ್ಣೆ ಬಣ್ಣ ಒಳಗೆ ಒಣಗಲು ವರ್ಷಗಟ್ಟಲೆ ಬೇಕೆಂದು ನೀನು ಹೇಳಿದ್ದೆ. ಇಪ್ಪತ್ತು ವರ್ಷ ಬಣ್ಣದಲ್ಲಿ ಬದುಕಿದವನಿಗೆ ನೀನೇನು ಹೇಳುತ್ತೀ ಎಂದು ಆಗ ಕಿವಿಗೇ ಹಾಕಿಕೊಂಡಿರಲಿಲ್ಲ. ಚಿಂದಿ ಕೈಯಲ್ಲಿ ಹಿಡಿದು ಅಲ್ಲೇ ಕುಕ್ಕರಿಸಿ ಅತ್ತದ್ದನ್ನು ನಿಮ್ಮವ್ವ ನೋಡಿದಳು.

ಕೊನೆಗೆ ಅಜ್ಜಿಯೇ ದಾರಿ ತೋರಿಸಿದಳು. “ಹೆಂಗೈತೋ ಹಂಗ ಕಳಸು. ಬರಿಯಾಕಿ ಅಲ್ಲಿ ಅದಾಳ” ಎಂದು ತನ್ನ ಪೆಟ್ಟಿಗೆಯಿಂದ ಮುತ್ತಿನ ಸರ ತೆಗೆದು ಕೊಟ್ಟಳು. ಬಿಳಿ ಕರ್ಚೀಫಿನಲ್ಲಿ ಕಟ್ಟಿ ಚಿತ್ರದ ಹಿಂದೆ ಇಟ್ಟಿದ್ದೇನೆ, ನೋಡಿಕೊಂಡು ಬರೆ. ಹೋದ ಭಾನುವಾರ ಹರಪನಹಳ್ಳಿಗೆ ಹೋಗಿ ಚೌಡಣ್ಣನವರಿಗೂ ಎಲ್ಲ ಹೇಳಿ ಬಂದೆ. ಚಹಾ ಕೊಟ್ಟರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮದುವೆ ಏನಾಗುತ್ತದೋ ತಿಳಿಯದು. ಅರುಣ ನನ್ನ ಕೂಡ ಮಾತು ಬಿಟ್ಟಿದ್ದಾನೆ. ಸುಳ್ಳು ಹೇಳಿದ್ದಕ್ಕೋ ನಿಜ ಹೇಳಿದ್ದಕ್ಕೋ, ಕೇಳುವ ಧೈರ್ಯ ನನಗಿಲ್ಲ.

ಸಿಟ್ಟು ಬಂದರೆ ಬೈದು ಬಿಡು ತಾಯಿ, ಫೋನ್ ಎತ್ತದೆ ಮಾತ್ರ ಇರಬೇಡ. ನಿಮ್ಮವ್ವ ಶೇಂಗಾ ಚಟ್ನಿಪುಡಿ ಇಟ್ಟಿದ್ದಾಳೆ, ಬಣ್ಣಕ್ಕೆ ತಾಗದ ಹಾಗೆ ಬೇರೆ ಕಟ್ಟಿದ್ದೇನೆ. ನಿನ್ನ ಕೈ ಸುಖವಾಗಿರಲಿ, ನಿನ್ನ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದು ಹರಸುವ,

ನಿನ್ನ ಅಪ್ಪ
ತಿಪ್ಪೇಶ

ಮತ್ತೊಂದು ಮಾತು: ಮರೆತಿದ್ದೆ ಎಂದು ಬರೆದರೆ ಅದೂ ಸುಳ್ಳಾದೀತು. ಚಿತ್ರದ ಪಕ್ಕ ಹಾಕುವ ಚೀಟಿಗೆ ನೀನು ಅಜ್ಜಿಯ ವಿವರ ಕೇಳಿದ್ದೆ, ನಾನು ದಿವಂಗತ ಹನುಮಂತಪ್ಪನ ಹೆಂಡತಿ ಎಂದು ಬರೆ ಎಂದಿದ್ದೆ. ಬಾವಿ ತೋಡುವಾಗ ಸತ್ತ ನಿನ್ನ ಅಜ್ಜನ ಕಥೆ ಹೇಳುತ್ತಿದ್ದೆನಲ್ಲ, ಅಂಥ ಮನುಷ್ಯ ಇರಲೇ ಇಲ್ಲ. ನನ್ನನ್ನು ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ತಂದೆಯ ಹೆಸರು ಕೇಳಿದರು, ಅವ್ವ ಸುಮ್ಮನೆ ನಿಂತಳು. ಎದುರಿಗೆ ಹನುಮಪ್ಪನ ಗುಡಿ ಇತ್ತು, ಅವರು ಹನುಮಂತಪ್ಪ ಎಂದು ಬರೆದುಕೊಂಡರು. ಚೀಟಿ ಇನ್ನೂ ಅಚ್ಚಾಗಿಲ್ಲದಿದ್ದರೆ ಅಜ್ಜಿಯ ಹೆಸರು ಮಾರೆಮ್ಮ ಎಂದಷ್ಟೇ ಬರೆಸು. ಜಾಗ ಉಳಿದರೆ ಕೆಳಗೆ, ತಿಪ್ಪೇಶನ ತಾಯಿ ಎಂದು ಬರೆಸವ್ವ.