ಪ್ಯಾನೆಲ್ ಮೇಲೆ ಒಣಹಾಕಿದ ಬಟ್ಟೆ

ಡಿಸೆಂಬರ್ ೧೧, ಗುರುವಾರ

ನಮ್ಮ ಆಸ್ಪತ್ರೆಯ ಆಯಮ್ಮ ಡಾಕ್ಟರ ಮುಂದೆ ನನ್ನ ಹೆಸರೆತ್ತಲಿಲ್ಲ.

ನಿನ್ನೆ ಸಂಜೆ ಹೆರಿಗೆಯ ನಡುವೆಯೇ ದೀಪ ಆರಿತು. ಟಾರ್ಚ್ ಕೈಗೆ ಸಿಗುವಷ್ಟರಲ್ಲಿ ರಕ್ತ ಮಂಚದಿಂದ ನೆಲಕ್ಕಿಳಿದಿತ್ತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ.

ಇವತ್ತು ದೀಪ ರಿಪೇರಿಗೆ ಬಂದ ಮೆಕ್ಯಾನಿಕ್ ಮಾಳಿಗೆಯಿಂದಲೇ ಕೂಗಿದ: "ಸೋಲಾರ್ ಪ್ಯಾನೆಲ್ ಮೇಲೆ ಬಟ್ಟೆ ಒಣಹಾಕಿದ್ದು ಯಾರ್ರೀ? ಬಿಸಿಲೇ ಬೀಳದಿದ್ರೆ ಬ್ಯಾಟರಿ ಎಲ್ಲಿಂದ ತುಂಬತ್ತೆ?"

"ನಾನೇ ಹಾಕಿದ್ದು," ಎಂದಳು ಆಯಮ್ಮ. ಡಾಕ್ಟರು ನಿಂತ ನಿಲುವಿನಲ್ಲೇ ಅವಳನ್ನು ಕೆಲಸದಿಂದ ತೆಗೆದರು.

"ಗಾಜು ಬಿಸಿ ಇರತ್ತೆ, ಅಲ್ಲೇ ಹರಡು, ಬೇಗ ಒಣಗತ್ತೆ" ಎಂದು ಅವಳಿಗೆ ಹೇಳಿಕೊಟ್ಟವಳು ನಾನು, ಇಲ್ಲಿಯ ಹಿರಿಯ ನರ್ಸು. ಅದನ್ನು ಡಾಕ್ಟರಿಗೆ ಹೇಳಲಿಲ್ಲ.

ಹೊರಡುವಾಗ ಅವಳು, "ಇವತ್ತಿನ ಬಟ್ಟೆ ಹಗ್ಗದ ಮೇಲೆ ಹಾಕಿದ್ದೀನಿ ಅಕ್ಕ," ಎಂದಳು.

ಆ ತಾಯಿಯ ಹಾಸಿಗೆಯ ಬಟ್ಟೆಯೂ ಅದರಲ್ಲಿದೆ. ನಾಳೆ ನಾನೇ ಅದನ್ನು ಮಡಚಬೇಕು.